ಹೊಲಿಗೆಯಕ್ಕನ ಅಡುಗೆಮನೆಯ ಗೋಡೆ

ನಮ್ಮ ಬೀದಿಯಲ್ಲಿ ಯಾರ ಮನಸ್ಸಾದರೂ ಹೊಯ್ದಾಡತೊಡಗಿದರೆ ಅವರು ಹೊಲಿಗೆಯಕ್ಕನ ಬಳಿ ಹೋಗುತ್ತಿದ್ದರು. ಬಟ್ಟೆಯ ವಿಷಯಕ್ಕೆ ಮಾತ್ರ ಅಂದುಕೊಳ್ಳಬೇಡಿ. ಮೇಲಿನ ಮನೆಗೆ ಬಾಡಿಗೆಗೆ ಬಂದವರು ನಂಬಿಗಸ್ತರೋ, ಮುನಿಸಿಕೊಂಡ ನಾದಿನಿಯನ್ನು ತಾನಾಗಿ ಮಾತಾಡಿಸಬೇಕೋ ಅವಳೇ ಬರಲಿ ಎಂದು ಕಾಯಬೇಕೋ, ಎಲ್ಲದಕ್ಕೂ ಅವಳಲ್ಲಿ ಉತ್ತರವಿತ್ತು. ತುಟಿಗಳ ನಡುವೆ ಗುಂಡುಪಿನ್ನು ಕಚ್ಚಿಕೊಂಡೇ, ಯಂತ್ರದಿಂದ ತಲೆಯೆತ್ತದೆ, ಕಡ್ಡಿ ಮುರಿದ ಹಾಗೆ ಹೇಳಿಬಿಡುತ್ತಿದ್ದಳು. "ಬೇಡ." ಇಲ್ಲವೇ, "ಮಾಡು." ಅಷ್ಟು ಬೇಗ ಹೇಗೆ ಹೇಳುತ್ತೀಯಕ್ಕ ಎಂದು ನಾನು ಒಮ್ಮೆ ಕೇಳಿದ್ದೆ. "ಅಳತೆ ತಗೊಂಡಾದ ಮೇಲೆ ಕತ್ತರಿ ಹಾಕ್ಬೇಕು ಅಷ್ಟೆ. ಯೋಚನೆ ಮಾಡ್ತಾ ಕೂತ್ರೆ ಕೈ ನಡುಗುತ್ತೆ," ಅಂದಿದ್ದಳು.

ನಾನು ಅವಳ ಎದುರುಮನೆಯವಳು. ಇಂಥ ಅಕ್ಕ ಎರಡು ವರ್ಷ ತಲೆಬುಡ ತಿಳಿಯದೆ ಒದ್ದಾಡಿದ್ದನ್ನು ಹತ್ತಿರದಿಂದ ಕಂಡವಳು.

ಅವಳು ಸೊಸೆಯಾಗಿ ಬಂದಾಗ ತವರಿನಿಂದ ತಂದದ್ದು ಕಾಲಿನಿಂದ ತುಳಿಯುವ ಒಂದು ಹೊಲಿಗೆ ಯಂತ್ರ ಮತ್ತು ಚಿಕ್ಕಮ್ಮ ಕಲಿಸಿಕೊಟ್ಟ ಕಸುಬು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಎಷ್ಟು ಉಜ್ಜಿದರೂ ಅವನ ಉಗುರಿನ ಸಂದಿಯ ಗ್ರೀಸು ಹೋಗುವುದಿಲ್ಲ. ಹಾಗಾಗಿ ಹೆಂಡತಿಯ ಹೊಲಿಗೆ ಕೋಣೆಗೆ ಬಂದರೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಸಾಹೇಬರ ಮುಂದೆ ನಿಂತ ಹಾಗೆ ನಿಲ್ಲುತ್ತಾನೆ. ಮಗಳು ನರ್ಸಿಂಗ್ ಓದುತ್ತಿದ್ದಳು. ಮನೆಯಲ್ಲಿ ಮಾತಿನ ಖಾತೆಯೆಲ್ಲ ಅತ್ತೆಯದು. ಅವರು ಬಾಯಿ ಮುಚ್ಚಿದ್ದರೆ ಒಂದೋ ನಿದ್ದೆ, ಇಲ್ಲವೇ ಜ್ವರ.

ಮನೆ ರೈಲು ಡಬ್ಬಿಯ ಹಾಗೆ ಉದ್ದಕ್ಕಿದೆ. ಬೀದಿಗೆ ಕಿಟಕಿಯಿರುವ ಮುಂದಿನ ಕೋಣೆಯಲ್ಲಿ ಯಂತ್ರ, ನಡುವಿನ ಕೋಣೆಯಲ್ಲಿ ಮಂಚ ಮತ್ತು ಬೀರು, ಹಿಂದೆ ಅಡುಗೆಮನೆ. ಉಳಿದ ಗೋಡೆಗಳೆಲ್ಲ ಒಂಟಿ ಇಟ್ಟಿಗೆಯವು. ಅಡುಗೆಮನೆಯ ಹಿಂಗೋಡೆ ಮಾತ್ರ ಎಮ್ಮೆಯ ಹೊಟ್ಟೆಯಷ್ಟು ದಪ್ಪ. ಯಾಕೆ ಎಂದು ಯಾರೂ ಕೇಳಿರಲಿಲ್ಲ. ಆ ಗೋಡೆಯಾಚೆ ಒಂದು ಖಾಲಿ ಜಾಗ. ಬೀದಿಯವರೆಲ್ಲ, ನಾನೂ ಸೇರಿ, ಅಲ್ಲಿ ಕಸ ಎಸೆಯುತ್ತಿದ್ದೆವು.

ಜಿಲ್ಲೆ ನೋಡಲು ಜನ ಬರುವುದು ಹೊಸತೇನಲ್ಲ. ಗುಡ್ಡದ ಮೇಲೆ ಕೋಟೆಯಿದೆ, ಕೆರೆಯ ದಂಡೆಯಲ್ಲಿ ದೊಡ್ಡ ದೇವಸ್ಥಾನವಿದೆ, ಜಲಪಾತವಿದೆ, ಹಿಂದಿನ ರಾಜರ ಕುದುರೆಲಾಯದಲ್ಲಿ ಈಗ ಮ್ಯೂಸಿಯಂ ಇದೆ. ಬಸ್ಸುಗಳು ಬೆಳಿಗ್ಗೆ ಬಂದು ಜನರನ್ನು ಇಳಿಸಿ, ಸಂಜೆ ತುಂಬಿಕೊಂಡು ಹೋಗುತ್ತವೆ. ನಮ್ಮ ಬೀದಿಗೆ ಮಾತ್ರ ದಾರಿ ತಪ್ಪಿದವರು ಬಿಟ್ಟರೆ ಬೇರೆ ಯಾರೂ ಬರುತ್ತಿರಲಿಲ್ಲ.

ಆ ವರ್ಷ ಅಡುಗೆಮನೆಯ ಹಿಂಗೋಡೆ ಹಸಿ ಹಿಡಿಯಿತು. ಮೊದಲು ಒಲೆಯ ಮೇಲ್ಗಡೆ ಅಂಗೈಯಗಲದ ಕಪ್ಪು ಮಚ್ಚೆ ಕಾಣಿಸಿಕೊಂಡಿತು. ಆಮೇಲೆ ಗಾರೆ ಉಬ್ಬಿ ಉಬ್ಬಿ ಪಾತ್ರೆಯೊಳಗೆ ಉದುರತೊಡಗಿತು. ಗಂಡನಿಗೆ ಎರಡು ಸಲ ಹೇಳಿ ನೋಡಿದ ಅಕ್ಕ ಮೂರನೆಯ ಸಲ ಹೇಳಲು ಹೋಗದೆ ತಾನೇ ಗಾರೆ ಮೇಸ್ತ್ರಿಯನ್ನು ಕರೆಸಿದಳು. ಮೇಸ್ತ್ರಿ ಹಳಬ, ಮಿತಭಾಷಿ. ಅಲ್ಲಲ್ಲಿ ತಟ್ಟಿ ನೋಡಿ, ಸಡಿಲವಾಗಿದ್ದ ಕಡೆ ಉಳಿಯಿಟ್ಟು ಒಂದು ಏಟು ಹಾಕಿದ. ನೆನೆದ ರಟ್ಟು ಕಳಚಿದ ಹಾಗೆ ಗಾರೆಯ ದೊಡ್ಡ ತುಂಡು ಬಿತ್ತು. ಧೂಳು ಇಳಿಯುವವರೆಗೆ ಅವನು ಅಲ್ಲೇ ನಿಂತಿದ್ದ. ಆಮೇಲೆ ಸುತ್ತಿಗೆಯನ್ನು ನೆಲಕ್ಕಿಟ್ಟ. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡು ಮುಂದಿನ ಕೋಣೆಗೆ ಬಂದ.

"ಅಕ್ಕಾ, ಒಳಗೆ ಯಾರೋ ಇದ್ದಾರೆ."

"ಯಾರು, ಅತ್ತೆನಾ?"

"ಅತ್ತೆ ಅಲ್ಲ. ಗೋಡೇಲಿ."

ಅಕ್ಕ ಹೋಗಿ ನೋಡಿದಳು. ಒಲೆಯ ಪಕ್ಕದಲ್ಲಿ, ಅವಳ ಸೊಂಟದ ಮಟ್ಟಕ್ಕೆ, ಕಲ್ಲಿನ ಪಾದವೊಂದು ಹೆಜ್ಜೆ ಎತ್ತಿತ್ತು. ಬೆರಳುಗಳು ಬಿಡಿಬಿಡಿಯಾಗಿದ್ದವು, ಕಾಲಿಗೆ ಗೆಜ್ಜೆಯಿತ್ತು. ಎದ್ದುಬಂದ ಅತ್ತೆ ಬಾಗಿಲಲ್ಲಿ ನಿಂತು ಒಂದು ಸಲ ಇಣುಕಿ, ಬಹಳ ದಿನಗಳಿಂದ ಕಾಣದ ನೆಂಟರನ್ನು ಕಂಡ ಹಾಗೆ ತಲೆಯಾಡಿಸಿದರು.

"ಇರ್ಲಿ ಬಿಡಿ. ಅವರು ಮೊದ್ಲಿಂದ್ಲೂ ಇದ್ದಾರೆ."

"ಅತ್ತೆ, ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ನಾನು ಮದುವೆಯಾಗಿ ಬಂದಾಗ ಅವರ ಮೈಮೇಲೆಲ್ಲ ಮಸಿ. ತೊಳೆದ್ರೆ ಹೋಗ್ತಿರ್ಲಿಲ್ಲ. ಕೈಸಂದಿ ಕಾಲ್ಸಂದೀಲೆಲ್ಲ ಜಿರಳೆ. ನಿಮ್ಮ ಮಾವನ ಬೆನ್ನು ಬಿದ್ದು ಗಾರೆ ಬಳಿಸ್ದೆ."

"ನನಗೆ ಒಂದು ಮಾತು ಹೇಳ್ಬಾರ್ದಿತ್ತಾ?"

"ನೀನು ಕೇಳ್ಲಿಲ್ಲ. ಗೋಡೆಯೊಳಗೆ ಯಾರಿದ್ದಾರೆ ಅಂತ ಯಾವ ಸೊಸೆ ಕೇಳ್ತಾಳೆ ಹೇಳು?"

ಮೇಸ್ತ್ರಿ ಮತ್ತೆ ಉಳಿ ಮುಟ್ಟಲು ಒಪ್ಪಲಿಲ್ಲ. ಉಳಿದ ಗಾರೆಯನ್ನು ಸಂಜೆ ಗಂಡನೇ ಮರದ ಚಕ್ಕೆಯಿಂದ ಕಿತ್ತು, ಬಸ್ಸು ತೊಳೆಯುವ ಬ್ರಷ್ಷಿನಿಂದ ಉಜ್ಜಿದ. ಎತ್ತಿದ ಪಾದದ ಮೇಲೆ ತೊಡೆ, ತೊಡೆಯ ಮೇಲೆ ಬಳುಕಿದ ಸೊಂಟ, ಹರಡಿದ ತೋಳು, ಕೊರಳು ಕಾಣಿಸಿದವು. ಕೊರಳಿನ ಮೇಲೆ, ಅತ್ತೆ ಬರುವ ಮೊದಲೇ ಹಾಕಿದ್ದ ಅಟ್ಟದ ಚಪ್ಪಡಿ ಅಡ್ಡ ಬಂದಿತ್ತು, ಮುಖ ಅದರಾಚೆ ಮುಚ್ಚಿಹೋಗಿತ್ತು. ಕುಣಿಯುವವಳ ಪಕ್ಕದಲ್ಲಿ ಡೊಳ್ಳುಹೊಟ್ಟೆಯ ಮದ್ದಳೆಗಾರ ಕೂತಿದ್ದ. ಕೆಳಗೆ ಒಂದು ಸಾಲು ಹಂಸಗಳು. ಇಷ್ಟು ವರ್ಷ ಈ ಜನದ ಎದೆಯ ಮೇಲೆ ತಾನು ಸೌಟು, ಜರಡಿ, ಕ್ಯಾಲೆಂಡರ್ ನೇತುಹಾಕಿಕೊಂಡಿದ್ದೆ ಎಂದು ಅಕ್ಕನಿಗೆ ಒಂದು ಥರ ಆಯಿತು. ಕೈಮುಗಿಯಬೇಕೋ, ಕ್ಷಮೆ ಕೇಳಬೇಕೋ, ಪಾತ್ರೆ ತೊಳೆಯಬೇಕೋ ತಿಳಿಯಲಿಲ್ಲ. ಕೊನೆಗೆ ಪಾತ್ರೆ ತೊಳೆದಳು.

ಮಿತಭಾಷಿ ಮೇಸ್ತ್ರಿ ಚಹಾದಂಗಡಿಯಲ್ಲಿ ಒಂದೇ ಒಂದು ಮಾತು ಹೇಳಿದ್ದ. ಅಷ್ಟು ಸಾಕಾಯಿತು. ವಾರ ಕಳೆಯುವುದರೊಳಗೆ ಹಳೆಯ ಕಟ್ಟಡಗಳನ್ನು ನೋಡಿಕೊಳ್ಳುವ ಕಚೇರಿಯಿಂದ ಒಬ್ಬರು ಮೇಡಂ ಬಂದರು. ನಡುವಯಸ್ಸು, ಕುತ್ತಿಗೆಗೆ ಟಾರ್ಚು, ಸಮಾಧಾನದ ಮಾತು. ಗೋಡೆಯ ಮುಂದೆ ಮಂಡಿಯೂರಿ, ಹಂಸಗಳ ಮೇಲೆ ಬೆಳಕು ಬಿಟ್ಟು, "ಅಯ್ಯೋ ದೇವರೇ," ಎಂದು ತಮ್ಮಷ್ಟಕ್ಕೆ ಅಂದುಕೊಂಡರು.

"ಇದು ಒಂದು ದೇವಸ್ಥಾನದ ಗರ್ಭಗುಡಿ ಗೋಡೆ ಇರ್ಬೇಕಕ್ಕ. ಏಳೆಂಟು ನೂರು ವರ್ಷ ಆಗಿರ್ಬಹುದು."

"ಹಾಗಾದ್ರೆ ನಾವು ಇಷ್ಟು ದಿನ ಗರ್ಭಗುಡೀಲಿ ಅಡುಗೆ ಮಾಡ್ತಿದ್ವಾ?"

"ಇಲ್ಲ ಇಲ್ಲ. ಕೆತ್ತನೆ ಇರೋದು ಹೊರಮೈಗೆ. ನೀವು ಹೊರಗಡೆ ಇದ್ದೀರಿ. ಗರ್ಭಗುಡಿ ಆ ಕಡೆ."

ಆ ಕಡೆ ಎಂದರೆ ಕಸದ ಜಾಗ. ಅಕ್ಕ ಪಕ್ಕದ ಗೋಡೆಯ ಕಿಟಕಿಯಿಂದ ಅತ್ತ ಬಗ್ಗಿ ನೋಡಿದಳು. ಆ ದಿನ ಬೆಳಿಗ್ಗೆ ನಾನು ಎಸೆದಿದ್ದ ಹಳೆಯ ಹಾಸಿಗೆ ಅಲ್ಲಿ ಬಿದ್ದಿತ್ತು.

"ಮನೆ ಒಳಗಿದ್ರೂ ಹೊರಗಡೆ ಇದ್ದೀವಿ," ಎಂದಳು ಅಕ್ಕ, ಮಗ್ಗಿ ಒಪ್ಪಿಸುವವಳ ಹಾಗೆ.

"ಒಂಥರಾ ಹಾಗೇ," ಎಂದರು ಮೇಡಂ. ಮತ್ತೆ ಹೇಳಿದರು: "ಇನ್ನು ಮುಂದೆ ಈ ಗೋಡೆಗೆ ಮೊಳೆ ಹೊಡೀಬೇಡಿ, ನೀರು ಹಾಕ್ಬೇಡಿ, ಸುಣ್ಣ ಬಳೀಬೇಡಿ. ಒಲೆ ಬೇರೆ ಕಡೆ ಇಡಿ, ಹೊಗೆ ತಾಗ್ಬಾರ್ದು."

"ಗೋಡೆ ನಮ್ಮದಲ್ವಾ?"

ಮೇಡಂ ಟಾರ್ಚು ಆರಿಸಿದರು. "ಮನೆ ನಿಮ್ಮದೇ. ಗೋಡೆ ಯಾರದು ಅಂತ ನೋಡ್ಬೇಕು."

ಅಂದಿನಿಂದ ಅಕ್ಕನಿಗೆ ಹಿಡಿದ ಗೊಂದಲ ಬಿಡಲಿಲ್ಲ. ಅಡುಗೆಮನೆಯ ಮೂರು ಗೋಡೆ ತನ್ನದು, ನಾಲ್ಕನೆಯದು ಯಾರದೋ. ಹಾಗಾದರೆ ಆ ಗೋಡೆಗೆ ತಾಗಿದ ನೆಲ? ಅದರ ಮೇಲೆ ಕೂತ ಅಟ್ಟ? ಅಟ್ಟದ ಮೇಲಿನ ಉಪ್ಪಿನ ಡಬ್ಬ? ಒಲೆಯನ್ನು ನಡುವಿನ ಕೋಣೆಗೆ ತಂದಳು. ಬೀರುವಿನ ಬಟ್ಟೆಗಳಿಗೆಲ್ಲ ಒಗ್ಗರಣೆಯ ವಾಸನೆ ಹತ್ತಿತು. ಗಿರಾಕಿಗಳ ಬಟ್ಟೆ ಅಡುಗೆಯ ವಾಸನೆ ಹೊಡೆಯಬಾರದಲ್ಲ ಎಂದು ಒಲೆಯನ್ನು ಮತ್ತೆ ಹಿಂದಕ್ಕೆ ಒಯ್ದು, ಗೋಡೆಯಿಂದ ಮಾರುದೂರ, ಬಾಗಿಲಿಗೆ ಅಡ್ಡವಾಗಿ ಇಟ್ಟಳು. ಅಡುಗೆಮನೆಗೆ ಹೋಗಬೇಕಾದವರು ಒಲೆಯನ್ನು ಬಳಸಿ, ಹೊಟ್ಟೆ ಒಳಗೆಳೆದುಕೊಂಡು ನುಸುಳಬೇಕಾಯಿತು.

ಮೊದಲು ಮನೆಯ ಮುಂದೆ ಒಂದು ಫಲಕ ಬಂತು. ನಂತರ ಪ್ರವಾಸದ ಪುಸ್ತಿಕೆ ಬಂತು. ಮಗಳು ಕಾಲೇಜಿನಿಂದ ಒಂದು ಪ್ರತಿ ತಂದು ಊಟದ ಹೊತ್ತಿಗೆ ಗಟ್ಟಿಯಾಗಿ ಓದಿದಳು. ಜಿಲ್ಲೆಯಲ್ಲಿ ನೋಡಬೇಕಾದ ಸ್ಥಳಗಳು: ಕೋಟೆ, ಕೆರೆಯ ದೇವಸ್ಥಾನ, ಅಡುಗೆಮನೆ ಗುಡಿ, ಜಲಪಾತ.

"ಅಡುಗೆಮನೆ ಗುಡಿ ಅಂದ್ರೆ ಯಾವುದು?" ಎಂದ ಗಂಡ.

"ನೀವೀಗ ಕೂತಿರೋದು," ಎಂದಳು ಮಗಳು.

ಜನ ಬರತೊಡಗಿದರು. ಮುಂದಿನ ಕೋಣೆಯ ಯಂತ್ರ ದಾಟಿ, ನಡುವಿನ ಕೋಣೆಯ ಮಂಚ ದಾಟಿ, ಒಲೆಯ ಪಕ್ಕ ನುಸುಳಿ ಹೋಗಿ ನಿಲ್ಲುತ್ತಿದ್ದರು. ಕೆಲವರು ಚಪ್ಪಲಿ ಬಿಟ್ಟು ಬರುತ್ತಿದ್ದರು. ಕೆಲವರು ಹಾಗೇ ನುಗ್ಗುತ್ತಿದ್ದರು. ಬಿಟ್ಟು ಬಂದವರು ಹಾಗೇ ಬಂದವರನ್ನು ದುರುಗುಟ್ಟಿ ನೋಡಿ, ತೀರ್ಪು ಕೇಳಲು ಅಕ್ಕನ ಕಡೆ ತಿರುಗುತ್ತಿದ್ದರು. "ಇಲ್ಲಿ ಚಪ್ಪಲಿ ಬಿಡ್ಬೇಕಾ ಬೇಡ್ವಾ, ನೀವೇ ಹೇಳಿ." ಊರಿನ ಕಗ್ಗಂಟುಗಳನ್ನೆಲ್ಲ ಬಿಡಿಸಿದ್ದ ಅಕ್ಕ, "ನನಗೆ ಗೊತ್ತಿಲ್ಲ, ನಿಮಗೆ ಹೇಗನ್ಸುತ್ತೋ ಹಾಗೆ ಮಾಡಿ," ಎನ್ನುತ್ತಿದ್ದಳು. ಆ ಮಾತು ಅವಳ ಬಾಯಿಂದ ಬಂದದ್ದನ್ನು ಮೊದಲ ಸಲ ಕೇಳಿದಾಗ ನನಗೇ ನಂಬಿಕೆಯಾಗಲಿಲ್ಲ.

ಗಂಡನಿಗೆ ಮೊದಮೊದಲು ಹೆಮ್ಮೆಯೋ ಹೆಮ್ಮೆ. ಡಿಪೋದಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದ. ಆದರೆ ಒಂದು ಭಾನುವಾರ ಬನಿಯನ್ನು ಹಾಕಿಕೊಂಡು ಮಂಚದ ಮೇಲೆ ಬಾಯಿ ತೆರೆದು ಮಲಗಿದ್ದಾಗ ಯಾರೋ ಅವನ ಫೋಟೋ ತೆಗೆದರು. ಕಣ್ಣು ಬಿಟ್ಟವನಿಗೆ ಕಂಡದ್ದು ಟೋಪಿ ಹಾಕಿದ ಏಳೆಂಟು ಅಪರಿಚಿತ ಮುಖಗಳು. ಅಂದಿನಿಂದ ಭಾನುವಾರವೂ ಡಿಪೋಗೆ ಹೋಗುವ ಅಭ್ಯಾಸ ಮಾಡಿಕೊಂಡ.

ಅತ್ತೆಯದೇ ಸುಖ. ಬಂದವರಿಗೆ ವಿವರಿಸುವ ಕೆಲಸವನ್ನು ಯಾರೂ ಕೊಡದೆಯೇ ಅವರು ವಹಿಸಿಕೊಂಡರು. ಬೆಳಿಗ್ಗೆ ಬಂದ ಗುಂಪಿಗೆ, ಇದನ್ನು ರಾಣಿಯೊಬ್ಬಳು ಮಕ್ಕಳಾಗಲಿ ಎಂದು ಕಟ್ಟಿಸಿದಳು ಎನ್ನುತ್ತಿದ್ದರು. ಮಧ್ಯಾಹ್ನ ಬಂದವರಿಗೆ, ಹಡಗು ಮುಳುಗಿದರೂ ಬದುಕಿ ಬಂದ ವ್ಯಾಪಾರಿಯೊಬ್ಬ ಕಟ್ಟಿಸಿದ್ದು. ಮದ್ದಳೆಗಾರ ಒಮ್ಮೆ ಕುಣಿಯುವವಳ ಗಂಡನಾದರೆ ಇನ್ನೊಮ್ಮೆ ಅವಳ ಅಣ್ಣ.

"ಅತ್ತೆ, ಯಾವುದು ನಿಜ?" ಎಂದು ಅಕ್ಕ ತಡೆಯಲಾರದೆ ಕೇಳಿದಳು.

"ಎಲ್ಲಾ ನಿಜವೇ. ಬೆಳಿಗ್ಗೆ ಬಂದೋರು ಮಧ್ಯಾಹ್ನದವರನ್ನ ನೋಡ್ತಾರಾ?"

"ನೋಡ್ಲಿ ಬಿಡ್ಲಿ, ನಾನು ಎರಡನ್ನೂ ಕೇಳಿಸ್ಕೊಳ್ತೀನಲ್ಲ. ನಾನು ಯಾವುದನ್ನ ನಂಬಲಿ?"

"ನೀನ್ಯಾಕೆ ನಂಬ್ಬೇಕು? ನೀನು ಮನೆಯವಳು," ಎಂದರು ಅತ್ತೆ.

ಅಕ್ಕ ಯಂತ್ರದ ಮುಂದೆ ಕೂತಳು. ಸೂಜಿಗೆ ನೂಲು ಪೋಣಿಸಿದ್ದು ಯಾವ ಬಟ್ಟೆಗೆಂದು ಮರೆತು ಹೋಗಿತ್ತು.

ಕಸುಬಿಗೂ ಪೆಟ್ಟು ಬಿತ್ತು. ಅಳತೆ ಕೊಡಲು ಬಂದ ಹೆಂಗಸರು ಸೆರಗು ಸರಿಸುವ ಹೊತ್ತಿಗೆ ಬಾಗಿಲಲ್ಲಿ ಒಂದು ದಂಡು ನಿಂತಿರುತ್ತಿತ್ತು. "ಬರ್ತೀನಕ್ಕ, ಇನ್ನೊಂದಿನ," ಎಂದು ಹೋದವರು ತಿರುಗಿ ಬರಲಿಲ್ಲ. ಮೇಡಂ ಇದನ್ನು ಕಂಡು ನೊಂದುಕೊಂಡರು. ಸರ್ಕಾರ ಈ ಮನೆಯನ್ನು ತೆಗೆದುಕೊಂಡು ಬದಲಿಗೆ ಬೇರೆ ಮನೆ ಕೊಡುವ ಹಾಗೆ ಬರೆದಿದ್ದೇನೆ, ನೋಡಿಕೊಂಡು ಬನ್ನಿ ಎಂದರು.

ಹೊಸ ಮನೆ ಬಸ್ ನಿಲ್ದಾಣದ ಹಿಂದಿತ್ತು. ಮಹಡಿಯಿತ್ತು, ನಲ್ಲಿ ತಿರುಗಿಸಿದರೆ ನೀರು ಬರುತ್ತಿತ್ತು. ಗಂಡ ಒಲ್ಲೆ ಎಂದ. ಅತ್ತೆ ಮಹಡಿ ಹತ್ತಿ ನಿಂತು, ಅಲ್ಲಿಂದ ಕಾಣುವ ರಸ್ತೆಯನ್ನು ಆಚೀಚೆ ನೋಡಿ, "ಇಲ್ಲಿ ಹೊತ್ತು ಹೋಗುತ್ತೆ. ಹೋಗೋಣ," ಎಂದರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಹಾಗಾಯಿತು. ಇಬ್ಬರೂ ಅಕ್ಕನ ಮುಖ ನೋಡಿದರು. ಅಕ್ಕ ಕಿಟಕಿಗಳ ಅಳತೆ ತೆಗೆದುಕೊಂಡಳು. ಮನೆಗೆ ಬಂದು ಪರದೆ ಹೊಲಿಯತೊಡಗಿದಳು. ಹೋಗುತ್ತೀಯಾ ಹಾಗಾದರೆ ಎಂದು ನಾನು ಕೇಳಿದೆ.

"ಗೊತ್ತಿಲ್ಲ ಕಣೇ. ಹೊಲಿಯೋದು ಒಂದು ಗೊತ್ತು, ಹೊಲೀತಿದ್ದೀನಿ."

ಪರದೆಗಳು ಮುಗಿದು ಮಡಚಿಯಾದ ಮೇಲೆ ಪ್ರೊಫೆಸರು ಬಂದರು. ದೊಡ್ಡ ಊರಿನವರು, ಕೆಲಸದಿಂದ ನಿವೃತ್ತರಾದವರು. ಇಂಥ ಗೋಡೆಗಳನ್ನು ನೋಡುವುದರಲ್ಲೇ ಆಯುಷ್ಯ ಕಳೆದವರು. ಅವರನ್ನು ಕರೆಸಿದ್ದು ಮೇಡಮ್ಮೇ. ಅಕ್ಕನ ಹೊಲಿಗೆಯ ಸ್ಟೂಲನ್ನು ಕೇಳಿ ತೆಗೆದುಕೊಂಡು ಗೋಡೆಯ ಮುಂದೆ ಹಾಕಿಕೊಂಡರು. ಮಧ್ಯಾಹ್ನವೆಲ್ಲ ಕೆಮ್ಮುತ್ತ ಕೂತರು. ಅತ್ತೆ ರಾಣಿಯ ಕಥೆ ಹೇಳಿದರು, ವ್ಯಾಪಾರಿಯ ಕಥೆ ಹೇಳಿದರು. ಅವರು ಎರಡಕ್ಕೂ ಹೂಂಗುಟ್ಟಿದರು. ಕೊನೆಗೆ ಮೇಡಂ ಕಡೆ ತಿರುಗಿದರು.

"ಕಲ್ಲು ದೇವಸ್ಥಾನದ್ದು. ಗೋಡೆ ದೇವಸ್ಥಾನದ್ದಲ್ಲ."

ಮೇಡಂ ಮುಖ ಕಪ್ಪಿಟ್ಟಿತು. "ಹೇಗೆ ಹೇಳ್ತೀರಿ ಸಾರ್?"

"ಹಂಸಗಳನ್ನ ನೋಡಿ. ಆ ಕಡೆಯವು ಈ ಕಡೆ ನಡೀತಿವೆ, ಈ ಕಡೆಯವು ಆ ಕಡೆ. ನಡುವೆ ಎರಡು ಮೂತಿಗೆ ಮೂತಿ ಕೊಟ್ಟು ನಿಂತಿವೆ. ಯಾವ ಶಿಲ್ಪಿ ಹೀಗೆ ಮಾಡ್ತಾನೆ? ಎಲ್ಲೋ ಬಿದ್ದುಹೋದ ಗುಡಿಯ ಕಲ್ಲುಗಳನ್ನ ತಂದು ಯಾರೋ ಇಲ್ಲಿ ಪೇರಿಸಿದ್ದಾರೆ. ಕಣಜವೋ ದನದ ಕೊಟ್ಟಿಗೆಯೋ ಇದ್ದಿರ್ಬೇಕು. ಇನ್ನೊಂದು ವಿಷಯ. ಈ ಕಾಲು ಈ ಸೊಂಟದ್ದಲ್ಲ."

ಅಕ್ಕ ಮುಂದೆ ಬಂದಳು. "ಏನಂದ್ರಿ?"

"ಇಲ್ಲಿ ನೋಡಿ ತಾಯಿ, ಸಂದು. ಕೆಳಗಿನ ಕಲ್ಲು ಒಬ್ಬಳದು, ಮೇಲಿನದು ಇನ್ನೊಬ್ಬಳದು. ಅಳತೆ ಹೊಂದ್ತು ಅಂತ ಜೋಡಿಸಿದ್ದಾರೆ."

"ಹಳೇ ಎರಡು ಬಟ್ಟೆ ಬಿಚ್ಚಿ ಒಂದು ಅಂಗಿ ಹೊಲಿದ ಹಾಗಾ?"

"ಹೂಂ, ಹಾಗೇ ಅನ್ನಿ."

ದಿನಾ ಬೆಳಿಗ್ಗೆ ಎದ್ದು ಆ ಕುಣಿಯುವವಳ ಮುಂದೆ ನೀರು ಕಾಯಿಸುತ್ತಿದ್ದಳು ಅಕ್ಕ. ಒಬ್ಬಳೇ ಇದ್ದಾಗ ಅವಳ ಜೊತೆ ಒಂದೆರಡು ಮಾತಾಡುವ ರೂಢಿಯೂ ಆಗಿತ್ತಂತೆ, ಅದನ್ನು ನನಗೆ ಆಮೇಲೆ ಹೇಳಿದಳು. ಈಗ ಅವಳು ಒಬ್ಬಳಲ್ಲ, ಇಬ್ಬರು. ಮಾತಾಡಿದ್ದು ಯಾರೊಂದಿಗೆ? ಆ ರಾತ್ರಿ ಅನ್ನಕ್ಕೆ ಉಪ್ಪು ಎರಡು ಸಲ ಬಿತ್ತು.

ಕಾಗದಪತ್ರಗಳು ತಿರುಗಿ ಹೊಸ ಮನೆಯ ಮಾತು ಬಿದ್ದುಹೋಯಿತು. ಗುಡಿಯೇ ಅಲ್ಲವೆಂದ ಮೇಲೆ ಮನೆ ಬಿಡಿಸುವುದು ಯಾಕೆ? ಆದರೆ ಫಲಕ ತೆಗೆಯಲು ಬೇರೆ ಆದೇಶ ಬೇಕಿತ್ತು, ಅದು ಬರಲಿಲ್ಲ. ಪುಸ್ತಿಕೆ ಮತ್ತೊಮ್ಮೆ ಅಚ್ಚಾಗಿ ಬಂತು, ಅದರಲ್ಲಿ ಅಡುಗೆಮನೆ ಗುಡಿ ಹಾಗೇ ಇತ್ತು. ಜನ ಬರುತ್ತಲೇ ಇದ್ದರು. ಇದು ಗುಡಿಯಲ್ಲವಂತೆ ಎಂದು ಅಕ್ಕ ಬಾಗಿಲಲ್ಲೇ ಹೇಳಿದರೆ, ನೋಡಿಸಲು ಮನಸ್ಸಿಲ್ಲದೆ ಸುಳ್ಳು ಹೇಳುತ್ತಾಳೆ ಎಂದು ಗೊಣಗುತ್ತಿದ್ದರು. ಗುಡಿ ಎಂದರೆ ಅವಳ ನಾಲಿಗೆ ತಡವರಿಸುತ್ತಿತ್ತು. ಬಾಯಲ್ಲಿಟ್ಟ ಬಿಸಿ ತುಪ್ಪ ಉಗುಳಲೂ ಆಗದು, ನುಂಗಲೂ ಆಗದು.

ಅಂಥ ದಿನಗಳಲ್ಲಿ ಮೇಡಂ ಮತ್ತೆ ಬಂದರು. ಬಿಡಿ ಕಲ್ಲುಗಳೇ ಆದ್ದರಿಂದ ಅವುಗಳನ್ನು ಕಳಚಿ ಮ್ಯೂಸಿಯಮ್ಮಿಗೆ ಒಯ್ಯಬಹುದು, ಬದಲಿಗೆ ಕಚೇರಿಯವರೇ ಒಳ್ಳೆಯ ಇಟ್ಟಿಗೆ ಗೋಡೆ ಕಟ್ಟಿಸಿಕೊಡುತ್ತಾರೆ, ನಿಮ್ಮ ಒಪ್ಪಿಗೆ ಬೇಕು ಎಂದರು. ಗಂಡ ಕೈ ಹಿಂದೆ ಕಟ್ಟಿಕೊಂಡು, "ನೀನೇ ಹೇಳು," ಎಂದ. ಅತ್ತೆಯೂ ಆ ದಿನ ಸುಮ್ಮನಿದ್ದರು.

"ಮೇಡಂ, ನಿಮ್ಮ ಮನೆ ಆಗಿದ್ರೆ ನೀವೇನ್ ಮಾಡ್ತಿದ್ರಿ?" ಎಂದಳು ಅಕ್ಕ.

ಮೇಡಂ ಗೋಡೆಯನ್ನೇ ನೋಡಿದರು. "ನನಗೂ ಗೊತ್ತಿಲ್ಲಕ್ಕ. ಮೊದಲ ದಿನ ನಾನು ತಪ್ಪು ಹೇಳ್ದೆ. ಅದಕ್ಕೇ ಈಗ ಏನು ಹೇಳೋಕೂ ಹೆದರಿಕೆ."

ನಾಳೆ ಕಚೇರಿಗೆ ಬಂದು ಹೇಳುತ್ತೇನೆ ಎಂದಳು ಅಕ್ಕ. ಮರುದಿನ ಹೊರಟಾಗ ಬೇಡ ಎಂದು ಹೇಳಲು ಗಟ್ಟಿ ಮನಸ್ಸು ಮಾಡಿದ್ದಳು. ಎಷ್ಟೋ ವರ್ಷ ಮಸಿ ಕುಡಿದುಕೊಂಡು ಜೊತೆಗಿದ್ದವರನ್ನು ಹೊರಗೆ ಕಳಿಸುವುದು ಹೇಗೆ? ದಾರಿಯಲ್ಲಿ ತರಕಾರಿ ಗಾಡಿಯ ಹತ್ತಿರ, ಕಳಿಸಿದರೆ ಒಲೆ ತನ್ನ ಜಾಗಕ್ಕೆ ಬರುತ್ತದಲ್ಲ, ಗಿರಾಕಿಗಳೂ ಬರುತ್ತಾರಲ್ಲ ಎನ್ನಿಸಿತು. ಕಚೇರಿ ತಲುಪಿದರೆ ಊಟದ ವಿರಾಮ. ಬೆಂಚಿನ ಮೇಲೆ ಕೂತಳು. ಗೋಡೆಯ ಮೇಲೆ ಕೋಟೆಯ ಚಿತ್ರ, ಜಲಪಾತದ ಚಿತ್ರ, ನಡುವೆ ಅವಳದೇ ಅಡುಗೆಮನೆಯ ಚಿತ್ರ. ಚಿತ್ರದ ಮೂಲೆಯಲ್ಲಿ ಅವಳ ಹಾಲಿನ ಪಾತ್ರೆ ಕಾಣುತ್ತಿತ್ತು. ನೋಡುತ್ತ ನೋಡುತ್ತ ಅವಳಿಗೆ ಅದು ಯಾರದೋ ಮನೆಯ ಹಾಗೆ ಕಂಡಿತು. ಮೇಡಂ ಬಂದು, "ಏನು ತೀರ್ಮಾನ ಮಾಡಿದ್ರಕ್ಕ?" ಎಂದಾಗ ಯಾವ ಉತ್ತರ ಹೊತ್ತು ತಂದಿದ್ದೆ ಎಂಬುದೇ ನೆನಪಾಗಲಿಲ್ಲ.

"ತಗೊಂಡ್ ಹೋಗಿ," ಎಂದು ಬಾಯಿ ಹೇಳಿತು.

ಬರುವಾಗ ಗಾಡಿಯವನ ಹತ್ತಿರ ಈರುಳ್ಳಿ ತಂದಳು. ಮನೆಯಲ್ಲಿ ಬುಟ್ಟಿ ತುಂಬ ಈರುಳ್ಳಿಯಿತ್ತು. ಅರ್ಧ ನಮ್ಮ ಮನೆಗೆ ತಂದುಕೊಟ್ಟು, ನಮ್ಮ ಅಡುಗೆಮನೆಯಲ್ಲಿ ಕೂತು ಅತ್ತಳು. ಯಾಕೆ ಅಳುತ್ತೀಯ ಎಂದರೆ, "ಅದೇ ಗೊತ್ತಾಗ್ತಿಲ್ಲ," ಎಂದಳು.

ಕಲ್ಲುಗಳಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಗೋಣಿಚೀಲ ಸುತ್ತಿ ಒಯ್ದರು. ಹಿಂದಿನ ಖಾಲಿ ಜಾಗವನ್ನೂ ಅಗೆದು ನೋಡಿದರು. ಹಾಸಿಗೆ, ಒಡೆದ ಬಕೆಟ್ಟು ಬಿಟ್ಟರೆ ಏನೂ ಸಿಗಲಿಲ್ಲ. ಅದೇ ಮೇಸ್ತ್ರಿ ಬಂದು ಇಟ್ಟಿಗೆಯ ಗೋಡೆ ಕಟ್ಟಿದ, ನುಣ್ಣಗೆ, ನೂಲು ಹಿಡಿದ ಹಾಗೆ ನೇರ. ಒಲೆ ಹಳೆಯ ಜಾಗಕ್ಕೆ ಬಂತು. ಮೊದಲ ದಿನ ಅಡುಗೆಗೆ ನಿಂತ ಅಕ್ಕನಿಗೆ ಯಾರದೋ ಬೆನ್ನಿಗೆ ಮುಖ ಮಾಡಿ ನಿಂತ ಹಾಗಾಯಿತಂತೆ.

ಮಳೆಗಾಲ ಕಳೆದ ಮೇಲೆ ಅಕ್ಕ, ಅತ್ತೆ ಮತ್ತು ನಾನು ಮ್ಯೂಸಿಯಮ್ಮಿಗೆ ಹೋದೆವು. ಟಿಕೆಟ್ಟು ತೆಗೆದುಕೊಂಡು ಸಾಲಿನಲ್ಲಿ ನಿಂತೆವು. ಹಂಸಗಳೆಲ್ಲ ಈಗ ಒಂದೇ ದಿಕ್ಕಿಗೆ ನಡೆಯುತ್ತಿದ್ದವು. ಮದ್ದಳೆಗಾರ ಗಾಜಿನೊಳಗೆ ಒಬ್ಬನೇ ಕೂತಿದ್ದ. ಕುಣಿಯುವವಳ ಮೇಲಿನ ಅರ್ಧ ಒಂದು ಗೋಡೆಗಿತ್ತು, ಎತ್ತಿದ ಕಾಲು ಎದುರಿನ ಗೋಡೆಗಿತ್ತು. ಮಸಿಯೆಲ್ಲ ಹೋಗಿ ಕಲ್ಲು ಬೂದಿ ಬಣ್ಣಕ್ಕೆ ತಿರುಗಿತ್ತು. ಅಟ್ಟದ ಚಪ್ಪಡಿಯಾಚೆ ಇದ್ದ ಮುಖವನ್ನು ಅಂದೇ ನಾವು ಮೊದಲು ನೋಡಿದ್ದು. ದುಂಡು ಮುಖ. ತುಟಿಯ ಒಂದು ಕಡೆ ಚೂರು ಮುಕ್ಕಾಗಿತ್ತು. ನಗುತ್ತಿದ್ದಾಳೋ ಬೇಸರಪಟ್ಟಿದ್ದಾಳೋ ಹೇಳುವ ಹಾಗಿರಲಿಲ್ಲ.

"ನಾನು ಸ್ವಲ್ಪ ಸಣ್ಣ ಮುಖ ಅಂದ್ಕೊಂಡಿದ್ದೆ," ಎಂದರು ಅತ್ತೆ.

ಅಕ್ಕ ಒಮ್ಮೆ ಈ ಗೋಡೆಯ ಮುಂದೆ, ಒಮ್ಮೆ ಆ ಗೋಡೆಯ ಮುಂದೆ ನಿಂತಳು. ಮುಖದ ಮುಂದೆ ನಿಂತಾಗ ಗುರುತಿಲ್ಲದವರ ಮನೆಗೆ ಬಂದವಳ ಹಾಗಿದ್ದಳು. ಕಾಲಿನ ಮುಂದೆ ಬಹಳ ಹೊತ್ತು ನಿಂತಳು. ಅದರ ಹೆಬ್ಬೆರಳ ಬುಡದಲ್ಲಿ ಎಣ್ಣೆಯ ಜಿಡ್ಡಿನ ಕಲೆ ಸ್ವಲ್ಪ ಉಳಿದಿತ್ತು. "ನಾನು ಮಾತಾಡಿಸ್ತಿದ್ದೋಳು ಇವಳೇ ಇರ್ಬೇಕು," ಎಂದು ಮೆಲ್ಲಗೆ ಹೇಳಿ, ಎರಡು ಹೆಜ್ಜೆ ನಡೆದು ಮತ್ತೆ ತಿರುಗಿ, "ಇರ್ಬಹುದು," ಎಂದಳು.

ಈಗ ಹೊಲಿಗೆ ಮೊದಲಿನಷ್ಟೇ ನಡೆಯುತ್ತಿದೆ. ಹೊಸ ಮನೆಗೆಂದು ಹೊಲಿದ ಪರದೆಗಳು ನಮ್ಮ ಬೀದಿಯ ನಾಲ್ಕಾರು ಮನೆಗಳಲ್ಲಿ ದಿಂಬಿನ ಚೀಲಗಳಾಗಿವೆ. ಮಗಳಿಗೆ ಜಿಲ್ಲಾಸ್ಪತ್ರೆಯಲ್ಲಿ ಕೆಲಸವಾಗಿದೆ. ಗಂಡ ಭಾನುವಾರ ಮನೆಯಲ್ಲಿರುತ್ತಾನೆ, ಆದರೆ ಅಂಗಿ ಹಾಕಿಕೊಂಡೇ ಮಲಗುತ್ತಾನೆ. ಯಾಕೆಂದರೆ ಆ ಪುಸ್ತಿಕೆ ಹಿಡಿದುಕೊಂಡು ಜನ ಇನ್ನೂ ಬರುತ್ತಾರೆ. ಅಕ್ಕ ಅವರಿಗೆ ಮ್ಯೂಸಿಯಮ್ಮಿನ ದಾರಿ ಹೇಳುತ್ತಾಳೆ. ಇಷ್ಟು ದೂರ ಬಂದಿದ್ದೇವೆ, ಒಂದು ಸಲ ಒಳಗೆ ನೋಡಿಕೊಂಡು ಹೋಗುತ್ತೇವೆ ಎನ್ನುವವರನ್ನು ತಡೆಯುವುದಿಲ್ಲ.

ಮೊನ್ನೆ ನಾನು ರವಿಕೆಯ ತೋಳು ಬಿಚ್ಚಿಸಲು ಹೋಗಿದ್ದೆ. ಗಂಡ ಹೆಂಡತಿ ಇಬ್ಬರು ಬಂದರು. ಬಿಸಿಲಲ್ಲಿ ನಡೆದು ಮುಖ ಕೆಂಪಾಗಿತ್ತು. ಅಡುಗೆಮನೆಗೆ ಹೋಗಿ ಇಟ್ಟಿಗೆ ಗೋಡೆಯ ಮುಂದೆ ನಿಂತರು. ಗಂಡ ಒಂದು ಫೋಟೋ ತೆಗೆದ. ಹೆಂಡತಿ ಕೈಮುಗಿದಳು. ಆಮೇಲೆ ಅನುಮಾನದಿಂದ ಅಕ್ಕನತ್ತ ತಿರುಗಿದಳು.

"ಇಲ್ಲಿ ಮೊದಲು ಏನಿತ್ತಕ್ಕ?"

"ಗೋಡೆ ಇತ್ತು."

"ಈಗ?"

"ಈಗಲೂ ಗೋಡೆನೇ," ಎಂದಳು ಅಕ್ಕ. ಮತ್ತೆ, ಅಷ್ಟಕ್ಕೇ ಬಿಡುವುದು ಸರಿಯಲ್ಲ ಎನ್ನಿಸಿರಬೇಕು, "ಕೂತ್ಕೊಳ್ಳಿ, ನೀರು ಕೊಡ್ತೀನಿ," ಎಂದಳು.

ಅವರು ಮಂಚದ ಅಂಚಿನಲ್ಲಿ ಕೂತು ನೀರು ಕುಡಿದರು. ಅತ್ತೆ ಪಕ್ಕದಲ್ಲಿ ಬಂದು ಕೂತು ಗಂಟಲು ಸರಿಮಾಡಿಕೊಂಡರು. ಅಕ್ಕ ನನ್ನ ರವಿಕೆಯ ತೋಳನ್ನು ಬೆಳಕಿಗೆ ಹಿಡಿದು, ಹಳೆಯ ಹೊಲಿಗೆ ಯಾವ ತುದಿಯಿಂದ ಬಿಚ್ಚಿದರೆ ಒಳ್ಳೆಯದೆಂದು ನೋಡತೊಡಗಿದಳು.